ಕರಡು ಓದುವ ಬಗೆ: ವಿಜ್ಞಾನ ಕಥೆ, ಫ್ಯಾಂಟಸಿ ಬರೆಯುವವರ ಆನ್‌ಲೈನ್ ಕಮ್ಮಟಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

‘ಮೂರನೆಯ ಸೂರ್ಯ ಮುಳುಗುವ ಮುನ್ನ ಅಜ್ಜಿ ತನ್ನ ನೆರಳನ್ನು ಮಡಚಿ ಟ್ರಂಕಿನಲ್ಲಿಟ್ಟಳು.’ ಈ ವಾಕ್ಯವನ್ನು ಸಾಮಾಜಿಕ ಕಥೆಯೊಂದರಲ್ಲಿ ಓದಿದವರು ಅದನ್ನು ರೂಪಕವೆಂದು ತಿಳಿದು ಮುಂದೆ ಸಾಗುತ್ತಾರೆ. ಅದೇ ವಾಕ್ಯ ಫ್ಯಾಂಟಸಿ ಕಥೆಯಲ್ಲಿ ಬಂದರೆ ಆ ಲೋಕದಲ್ಲಿ ನಿಜವಾಗಿಯೂ ಮೂರು ಸೂರ್ಯರಿರಬಹುದು, ನೆರಳನ್ನು ಸೀರೆಯಂತೆ ಮಡಚಿಡಲು ಬರಬಹುದು, ಅಥವಾ ಅದು ಅಲ್ಲಿಯೂ ಕೇವಲ ರೂಪಕವೇ ಆಗಿರಬಹುದು. ಯಾವುದೆಂದು ತಿಳಿಯಲು ಓದುಗರು ಕಾಯಬೇಕು. ಈ ಕಾಯುವಿಕೆಯಲ್ಲೇ ಈ ಪ್ರಕಾರದ ಸುಖವಿದೆ, ಮತ್ತು ಕರಡನ್ನು ಓದಿ ಅಭಿಪ್ರಾಯ ಹೇಳುವವರ ಕಷ್ಟವೂ ಇಲ್ಲಿಯೇ ಇದೆ.

ಏಕೆಂದರೆ ಅರ್ಥವಾಗದಿರುವುದು ಎರಡು ಬಗೆಯದು. ಮುಂದೆ ತಿಳಿಯುತ್ತದೆ ಎಂಬ ಭರವಸೆಯೊಡನೆ ಪುಟ ತಿರುಗಿಸುವಂತೆ ಮಾಡುವುದು ಕುತೂಹಲ. ಏನಾಗುತ್ತಿದೆ ಎಂಬುದೇ ತಿಳಿಯದೆ ಹಿಂದಿನ ಪುಟಕ್ಕೆ ಮರಳುವಂತೆ ಮಾಡುವುದು ಗೊಂದಲ. ಬರೆದವರಿಗೆ ತಮ್ಮ ಲೋಕದ ಒಳಹೊರಗೆಲ್ಲ ಗೊತ್ತಿರುವುದರಿಂದ ಇವೆರಡರ ನಡುವಿನ ಗೆರೆ ಅವರ ಕಣ್ಣಿಗೆ ಬೀಳುವುದಿಲ್ಲ. ಮನೆಯವರು ಪ್ರೀತಿಯಿಂದ ‘ಚೆನ್ನಾಗಿದೆ’ ಎನ್ನುತ್ತಾರೆ. ಈ ಪ್ರಕಾರವನ್ನು ಹೆಚ್ಚು ಓದಿರದ ಸಾಹಿತ್ಯಾಸಕ್ತರು ಎರಡನ್ನೂ ಒಟ್ಟಾಗಿ ‘ಅರ್ಥವಾಗಲಿಲ್ಲ’ ಎಂದುಬಿಡುತ್ತಾರೆ. ಆ ಗೆರೆಯನ್ನು ಗುರುತಿಸಿ ತೋರಿಸಬಲ್ಲವರು ಇದೇ ಪ್ರಕಾರವನ್ನು ಓದುವ ಮತ್ತು ಬರೆಯುವ ಇತರರು. ಅಂಥವರು ಒಂದೇ ಊರಿನಲ್ಲಿ ಸಿಗುವುದು ಅಪರೂಪವಾದ್ದರಿಂದ ವಿಜ್ಞಾನ ಕಥೆಗಾರರು ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿಯೇ ದೂರದಿಂದ ಪರಸ್ಪರರ ಕರಡು ಓದುವ ವ್ಯವಸ್ಥೆಯನ್ನು ಕಟ್ಟಿಕೊಂಡರು.

ಈ ಪದ್ಧತಿ ಎಲ್ಲಿಂದ ಬಂತು

ಇಂದಿನ ಆನ್‌ಲೈನ್ ಗುಂಪುಗಳ ನಿಯಮಗಳು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮಿಲ್ಫರ್ಡ್ ಎಂಬ ಸಣ್ಣ ಊರಿನಿಂದ ಬಂದವು. 1956ರಲ್ಲಿ ಡೇಮನ್ ನೈಟ್, ಜೂಡಿತ್ ಮೆರಿಲ್ ಮತ್ತು ಜೇಮ್ಸ್ ಬ್ಲಿಶ್ ಅಲ್ಲಿ ವಿಜ್ಞಾನ ಕಥೆಗಾರರ ಸಮಾವೇಶವನ್ನು ಆರಂಭಿಸಿದರು. ಎಲ್ಲರೂ ಸುತ್ತಲೂ ಕುಳಿತು, ಮೊದಲೇ ಓದಿಕೊಂಡು ಬಂದ ಕಥೆಯ ಬಗ್ಗೆ ಒಬ್ಬರಾದ ಮೇಲೆ ಒಬ್ಬರಂತೆ ಮಾತನಾಡುತ್ತಾರೆ. ಕಥೆ ಬರೆದವರು ತಮ್ಮ ಸರದಿ ಬರುವವರೆಗೆ ತುಟಿ ಬಿಚ್ಚುವಂತಿಲ್ಲ. ಕೊನೆಯಲ್ಲಿ ಮಾತ್ರ ಅವರು ಉತ್ತರಿಸಬಹುದು. 1968ರಲ್ಲಿ ರಾಬಿನ್ ಸ್ಕಾಟ್ ವಿಲ್ಸನ್ ಅದೇ ರಾಜ್ಯದ ಕ್ಲಾರಿಯನ್ ಕಾಲೇಜಿನಲ್ಲಿ ಹೊಸಬರಿಗಾಗಿ ಆರಂಭಿಸಿದ ಕ್ಲಾರಿಯನ್ ಕಮ್ಮಟವು ಈ ಕ್ರಮವನ್ನೇ ಅಳವಡಿಸಿಕೊಂಡು ಮುಂದೆ ಆರು ವಾರಗಳ ವಸತಿ ಕಮ್ಮಟವಾಗಿ ಬೆಳೆಯಿತು. ಆರು ವಾರ ಕೆಲಸ ಬಿಟ್ಟು, ಖರ್ಚು ಮಾಡಿಕೊಂಡು ಹೋಗಿರುವುದು ಹೆಚ್ಚಿನವರಿಗೆ ಆಗದ ಮಾತು. 1995ರಲ್ಲಿ ಆಂಡ್ರ್ಯೂ ಬರ್ಟ್ ಆರಂಭಿಸಿದ ‘ಕ್ರಿಟರ್ಸ್’ ಇದೇ ಪದ್ಧತಿಯನ್ನು ಇಮೇಲ್‌ಗೆ ಒಗ್ಗಿಸಿತು. 1999ರಲ್ಲಿ ಡೆಲ್ ರೇ ಪ್ರಕಾಶನದ ಹೆಸರಿನಲ್ಲಿ ಆರಂಭವಾದ ಮತ್ತೊಂದು ಆನ್‌ಲೈನ್ ಕಮ್ಮಟವು ಪರರ ಕಥೆಗೆ ವಿಮರ್ಶೆ ಬರೆದವರಿಗೆ ಅಂಕ ಕೊಟ್ಟು, ಆ ಅಂಕ ಇದ್ದವರಿಗಷ್ಟೇ ತಮ್ಮ ಕಥೆ ಹಾಕಲು ಅವಕಾಶವಿತ್ತಿತು.

ಮೊದಲ ಹಂತ: ಎಂಥ ಗುಂಪು ಬೇಕು ಎಂಬ ನಿರ್ಧಾರ

ಗುಂಪುಗಳು ಸ್ಥೂಲವಾಗಿ ಎರಡು ಬಗೆ. ಕ್ರಿಟರ್ಸ್‌ನಂಥ ದೊಡ್ಡ ಗುಂಪಿನಲ್ಲಿ ಕಥೆಗಳು ಸರದಿಯಲ್ಲಿ ನಿಲ್ಲುತ್ತವೆ, ವಾರಕ್ಕೊಮ್ಮೆ ಒಂದಷ್ಟು ಕಥೆಗಳು ಹೊರಬರುತ್ತವೆ, ಸದಸ್ಯರು ತಮಗೆ ಬೇಕಾದುದನ್ನು ಆರಿಸಿಕೊಂಡು ವಿಮರ್ಶೆ ಬರೆಯುತ್ತಾರೆ. ಅಲ್ಲಿ ವಾರಕ್ಕೊಂದು ವಿಮರ್ಶೆಯಂತೆ ಶೇಕಡಾ 75ರಷ್ಟು ವಾರಗಳಲ್ಲಾದರೂ, ಅಂದರೆ ನಾಲ್ಕು ವಾರಗಳಲ್ಲಿ ಮೂರು ವಾರ, ಬರೆದಿರಬೇಕೆಂಬ ಲೆಕ್ಕವಿದೆ. ಇದರಿಂದ ಪರಿಚಯವಿಲ್ಲದ, ಮುಲಾಜಿಲ್ಲದ ಓದುಗರು ಸಿಗುತ್ತಾರೆ. ಆದರೆ ಪ್ರತಿ ಸಲವೂ ಓದುವವರು ಬೇರೆ ಬೇರೆ. ಐದಾರು ಜನರ ಸಣ್ಣ ಮುಚ್ಚಿದ ಗುಂಪಿನಲ್ಲಿ ಅದೇ ಓದುಗರು ನಿಮ್ಮ ಬರವಣಿಗೆಯ ಅಭ್ಯಾಸಗಳನ್ನು ತಿಂಗಳುಗಟ್ಟಲೆ ಗಮನಿಸಿ, ‘ಈ ಕಥೆಯಲ್ಲೂ ತಾಯಿಯ ಪಾತ್ರ ಎರಡನೆಯ ಪುಟದಲ್ಲೇ ಮಾಯವಾಯಿತು’ ಎಂದು ಹೇಳಬಲ್ಲರು. ನನ್ನ ಅಭಿಪ್ರಾಯದಲ್ಲಿ ಮೊದಲ ಒಂದು ವರ್ಷ ದೊಡ್ಡ ಗುಂಪಿನಲ್ಲಿ ಪಳಗಿ, ಅಲ್ಲಿ ಮನಸ್ಸಿಗೆ ಹೊಂದಿದ ನಾಲ್ಕೈದು ಓದುಗರೊಡನೆ ಆಮೇಲೆ ಸಣ್ಣ ಗುಂಪು ಮಾಡಿಕೊಳ್ಳುವುದು ಉತ್ತಮ.

ಸೇರುವ ಮೊದಲು ಒಂದು ವಿಷಯವನ್ನು ತಪ್ಪದೆ ನೋಡಬೇಕು. ಕರಡುಗಳು ಪಾಸ್‌ವರ್ಡ್ ಇರುವ, ಸದಸ್ಯರಿಗಷ್ಟೇ ತೆರೆಯುವ ಜಾಗದಲ್ಲಿ ಇರುತ್ತವೆಯೇ? ಯಾರು ಬೇಕಾದರೂ ಓದಬಹುದಾದ ಜಾಗದಲ್ಲಿ ಪೂರ್ತಿ ಕಥೆ ಹಾಕಿದರೆ ಅನೇಕ ಪತ್ರಿಕೆಗಳು ಅದನ್ನು ಈಗಾಗಲೇ ಪ್ರಕಟವಾದ ಕಥೆಯೆಂದು ಪರಿಗಣಿಸುತ್ತವೆ, ಮೊದಲ ಪ್ರಕಟಣೆಯ ಹಕ್ಕು ಕೈತಪ್ಪುತ್ತದೆ. ನಮ್ಮ ಪತ್ರಿಕೆಗಳ ಕಥಾಸ್ಪರ್ಧೆಗಳಿಗೂ ‘ಎಲ್ಲಿಯೂ ಪ್ರಕಟವಾಗಿರಬಾರದು’ ಎಂಬ ನಿಬಂಧನೆ ಸಾಮಾನ್ಯವಾಗಿ ಇರುತ್ತದೆ. ಫೇಸ್‌ಬುಕ್ಕಿನಲ್ಲಿ ಹಾಕಿ ‘ಅಭಿಪ್ರಾಯ ತಿಳಿಸಿ’ ಎನ್ನುವ ಮೊದಲು ಇದನ್ನು ನೆನಪಿಡಬೇಕು.

ಎರಡನೆಯ ಹಂತ: ಕೊಡುವ ಮೊದಲು ಓದುವುದು

ಗುಂಪಿಗೆ ಸೇರಿದ ಕೂಡಲೇ ತಮ್ಮ ಕಥೆ ಕಳಿಸುವ ಆತುರ ಬೇಡ. ಕಡಿಮೆಯೆಂದರೆ ನಾಲ್ಕು ವಾರ ಇತರರ ಕರಡುಗಳನ್ನು ಓದಿ ವಿಮರ್ಶೆ ಬರೆಯಿರಿ. ನಮ್ಮದೇ ಕಥೆಯಲ್ಲಿ ಕಾಣದ ದೋಷ ಇನ್ನೊಬ್ಬರ ಕಥೆಯಲ್ಲಿ ತಟ್ಟನೆ ಕಾಣುತ್ತದೆ, ಮತ್ತು ಒಮ್ಮೆ ಹಾಗೆ ಕಂಡ ದೋಷ ಮುಂದೆ ನಮ್ಮ ಪುಟದಲ್ಲಿಯೂ ಕಣ್ಣಿಗೆ ಹೊಡೆಯುತ್ತದೆ.

ಮೂರನೆಯ ಹಂತ: ಕರಡಿನ ಸಿದ್ಧತೆ

ನಿಮಗೆ ಗೊತ್ತಿರುವ ತಪ್ಪುಗಳನ್ನೆಲ್ಲ ತಿದ್ದಿದ ಮೇಲಷ್ಟೇ ಕರಡನ್ನು ಕಳಿಸಬೇಕು. ‘ಕೊನೆ ಇನ್ನೂ ಸರಿಯಾಗಿಲ್ಲ, ಆದರೂ ನೋಡಿ’ ಎಂದು ಕಳಿಸಿದರೆ ಐದು ಜನ ಓದುಗರೂ ನಿಮಗೆ ಮೊದಲೇ ತಿಳಿದಿದ್ದ ಸಂಗತಿಯನ್ನೇ ಹೇಳುತ್ತಾರೆ.

ಉದ್ದದ ವಿಷಯದಲ್ಲಿ, ಅಮೆರಿಕದ ವಿಜ್ಞಾನ ಕಥೆಗಾರರ ಸಂಘವು ನೆಬ್ಯುಲಾ ಪ್ರಶಸ್ತಿಗಾಗಿ ಇಟ್ಟುಕೊಂಡಿರುವ ವಿಂಗಡಣೆಯನ್ನೇ ಇಂಗ್ಲಿಷ್ ಗುಂಪುಗಳು ಹೆಚ್ಚಾಗಿ ಬಳಸುತ್ತವೆ: 7,500 ಪದಗಳಿಗಿಂತ ಕಡಿಮೆಯಿದ್ದರೆ ಸಣ್ಣಕಥೆ, ಅಲ್ಲಿಂದ 17,500ರವರೆಗೆ ನಾವೆಲೆಟ್, 40,000ದವರೆಗೆ ನಾವೆಲಾ, ಅದರಾಚೆಗೆ ಕಾದಂಬರಿ. ಕನ್ನಡಕ್ಕೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ‘ಹೋಗಬೇಕಾಗಿದ್ದವನಿಗೆ’ ಎಂಬ ನಮ್ಮ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕಾಗುವುದರಿಂದ, ಕನ್ನಡ ಗುಂಪುಗಳು ಪದಗಳ ಮಿತಿಯನ್ನು ತಮ್ಮ ಓದಿನ ಸಮಯಕ್ಕೆ ತಕ್ಕಂತೆ ಬೇರೆಯಾಗಿಯೇ ಗೊತ್ತುಮಾಡಿಕೊಳ್ಳಬೇಕು. ಒಂದೇ ಕೂತಿನಲ್ಲಿ, ಮುಕ್ಕಾಲು ಗಂಟೆಯೊಳಗೆ ಓದಿ ಮುಗಿಯುವಷ್ಟು ಎಂಬ ಅಳತೆ ಹೆಚ್ಚಿನವರಿಗೆ ಒಪ್ಪುತ್ತದೆ.

ಕನ್ನಡದವರಿಗೆ ಇನ್ನೊಂದು ಎಚ್ಚರಿಕೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೆಯೇ ಕಳಿಸಿದರೆ ಬೇರೆಯವರ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಕೆಟ್ಟಿವೆಯೇ ಎಂದು ಒಮ್ಮೆ ನೋಡಿ ಆಮೇಲೆ ಕಳಿಸಿ. ಪುಟಗಳಿಗೆ ಸಂಖ್ಯೆ ಕೊಡಿ. ಕಥೆಯ ಹಿನ್ನೆಲೆಯನ್ನು ವಿವರಿಸುವ ಮುನ್ನುಡಿಯನ್ನು ಸೇರಿಸಬೇಡಿ. ಪತ್ರಿಕೆಯ ಓದುಗರಿಗೆ ಆ ಮುನ್ನುಡಿ ಸಿಗುವುದಿಲ್ಲವಾದ್ದರಿಂದ ಗುಂಪಿನ ಓದುಗರಿಗೂ ಸಿಗಬಾರದು. ನಿರ್ದಿಷ್ಟ ಪ್ರಶ್ನೆಗಳಿದ್ದರೆ ಅವನ್ನು ಕಥೆ ಮುಗಿದ ಮೇಲೆ, ಬೇರೆ ಪುಟದಲ್ಲಿ ಬರೆಯಿರಿ. ‘ಯಂತ್ರಕ್ಕೆ ಭಾವನೆಗಳಿವೆ ಎಂದು ಅನ್ನಿಸಿತೇ?’ ಎಂದು ಮೊದಲೇ ಕೇಳಿದರೆ ಓದುಗರು ಇಡೀ ಕಥೆಯಲ್ಲಿ ಅದನ್ನೇ ಹುಡುಕುತ್ತ ಹೋಗುತ್ತಾರೆ.

ನಾಲ್ಕನೆಯ ಹಂತ: ಎರಡು ಓದು, ನಾಲ್ಕು ಗುರುತು

ವಿಮರ್ಶೆ ಬರೆಯಲು ಕೂತವರು ಕರಡನ್ನು ಎರಡು ಸಲ ಓದಬೇಕು. ಮೊದಲ ಓದಿನಲ್ಲಿ ಪತ್ರಿಕೆ ಓದುವವರಂತೆ ಓದುತ್ತ, ಅಂಚಿನಲ್ಲಿ ಗುರುತುಗಳನ್ನಷ್ಟೇ ಹಾಕಬೇಕು. ನಿಂತು ವಾಕ್ಯ ತಿದ್ದಬಾರದು. ನಾನು ಬಳಸುವ ಗುರುತುಗಳು ನಾಲ್ಕು. ‘ಇದೇನು, ಮುಂದೆ ತಿಳಿಯಲಿ’ ಎನಿಸಿದ ಕಡೆ ‘ಕು’, ಅಂದರೆ ಕುತೂಹಲ. ಯಾರು, ಎಲ್ಲಿ, ಏನು ಎಂಬುದೇ ತಪ್ಪಿದ ಕಡೆ ‘ಗೊಂ’. ಕಣ್ಣು ಸಾಲುಗಳನ್ನು ಹಾರಿದ ಕಡೆ ‘ಆ’, ಅಂದರೆ ಆಕಳಿಕೆ. ಇದು ಹೀಗಾಗಲು ಸಾಧ್ಯವಿಲ್ಲ ಎನಿಸಿದ ಕಡೆ ‘ನಂ’, ಅಂದರೆ ನಂಬಲಿಲ್ಲ.

ಎರಡನೆಯ ಓದಿನ ಕೆಲಸ ಈ ಗುರುತುಗಳಿಗೆ ಕಾರಣ ಹುಡುಕುವುದು. ಪ್ರತಿಯೊಂದು ‘ಕು’ವಿಗೂ ಕಥೆ ಉತ್ತರ ಕೊಟ್ಟಿತೇ, ಯಾವ ಪುಟದಲ್ಲಿ ಕೊಟ್ಟಿತು? ಮೊದಲ ಪುಟದ ಕುತೂಹಲಕ್ಕೆ ಹತ್ತನೆಯ ಪುಟದಲ್ಲಿ ಉತ್ತರ ಸಿಕ್ಕರೆ ಅದು ಗೆಲುವು. ಹಾಗೆ ಗೆದ್ದ ಕಡೆಯನ್ನೂ ಬರೆದವರಿಗೆ ತಿಳಿಸಬೇಕು, ಏಕೆಂದರೆ ತಿದ್ದುವ ಭರದಲ್ಲಿ ಅವರು ಅದನ್ನೇ ಕತ್ತರಿಸಿಹಾಕಬಹುದು. ‘ಗೊಂ’ ಬಿದ್ದ ಕಡೆ ತಪ್ಪು ಅಲ್ಲಿಯೇ ಇರುತ್ತದೆಯೆಂದು ತಿಳಿಯಬಾರದು. ಐದನೆಯ ಪುಟದಲ್ಲಿ ನಾವು ಎಡವಿದ್ದಕ್ಕೆ ಕಾರಣ ಎರಡನೆಯ ಪುಟದಲ್ಲಿ ಬಿಟ್ಟುಹೋದ ಒಂದು ಮಾತಾಗಿರುವುದೇ ಹೆಚ್ಚು.

ಐದನೆಯ ಹಂತ: ಒಂದು ಪ್ಯಾರಾವನ್ನು ಹತ್ತಿರದಿಂದ ನೋಡುವುದು

ಅಭ್ಯಾಸಕ್ಕಾಗಿ ಬರೆದ ಈ ಕರಡು ಪ್ಯಾರಾವನ್ನು ನೋಡಿ:

‘ಸಾವಿತ್ರಮ್ಮ ಗುಮ್ಮಟದ ಹೊರಬಾಗಿಲನ್ನು ತೆರೆದಾಗ ಮಂಗಳದ ಕೆಂಪು ಧೂಳು ರೊಯ್ಯನೆ ಒಳನುಗ್ಗಿತು. ಅವಳು ಡಾಕ್ಟರ ಕಡೆ ತಿರುಗಿ, “ನಿಮಗೆ ಗೊತ್ತೇ ಇದೆಯಲ್ಲ ಡಾಕ್ಟರೇ, ಇಲ್ಲಿನ ಗಾಳಿಯ ಒತ್ತಡ ಭೂಮಿಯದರ ಶೇಕಡಾ ಒಂದಕ್ಕಿಂತಲೂ ಕಡಿಮೆ, ಅದಕ್ಕೇ ನಮ್ಮ ಹಿರಿಯರು ಈ ಗುಮ್ಮಟ ಕಟ್ಟಿದರು” ಎಂದಳು. ಆಮೇಲೆ ಫೋನೆತ್ತಿ ಭೂಮಿಯಲ್ಲಿದ್ದ ಮಗನನ್ನು, “ಊಟ ಆಯ್ತೇನೋ?” ಎಂದು ಕೇಳಿದಳು. “ಈಗ ತಾನೇ ಆಯ್ತಮ್ಮ” ಎಂದ ಅವನು.’

ಇದಕ್ಕೆ ಒಬ್ಬರು ‘ತುಂಬಾ ಚೆನ್ನಾಗಿ ಮೂಡಿಬಂದಿದೆ, ಮುಂದುವರಿಸಿ’ ಎಂದು ಬರೆಯುತ್ತಾರೆ. ಇದರಿಂದ ಬರೆದವರಿಗೆ ಸಂತೋಷವಾಗುತ್ತದೆ, ಕಥೆಗೆ ಏನೂ ಆಗುವುದಿಲ್ಲ. ಇನ್ನೊಬ್ಬರು ‘ವಿಜ್ಞಾನ ಓದದವರು ವಿಜ್ಞಾನ ಕಥೆಗೆ ಕೈಹಾಕಬಾರದು’ ಎಂದು ಬರೆಯುತ್ತಾರೆ. ಈ ಮಾತು ಬರೆದವರನ್ನು ಕುರಿತದ್ದು. ಪುಟದ ಮೇಲಿನ ಯಾವ ಸಾಲನ್ನು ಏನು ಮಾಡಬೇಕೆಂದು ಇದರಿಂದ ತಿಳಿಯುವುದಿಲ್ಲ. ಇಂಥದನ್ನು ತಡೆಯುವುದಕ್ಕಾಗಿಯೇ ಕ್ರಿಟರ್ಸ್‌ನಂಥ ಗುಂಪುಗಳು ಸೌಜನ್ಯವನ್ನು ಸದಸ್ಯತ್ವದ ನಿಯಮವಾಗಿಯೇ ಇಟ್ಟಿವೆ.

ಮೂರನೆಯವರು ಹೀಗೆ ಬರೆಯಬಹುದು: ‘ತಾಯಿ ಗ್ರಹಾಂತರದಿಂದ ಕರೆ ಮಾಡಿ ಮೊದಲು ಕೇಳುವುದೇ ಊಟದ ವಿಚಾರ ಎಂಬುದು ನನಗೆ ಈ ಪ್ಯಾರಾದಲ್ಲಿ ತುಂಬ ಇಷ್ಟವಾದ ಸಂಗತಿ, ಸಾವಿತ್ರಮ್ಮ ಅಲ್ಲಿಯೇ ನನಗೆ ಜೀವಂತವಾಗಿ ಕಂಡಳು. ಮೂರು ಕಡೆ ನನ್ನ ಓದು ನಿಂತಿತು. ಒಂದು, ಹೊರಗಿನ ಒತ್ತಡ ಅಷ್ಟು ಕಡಿಮೆಯಿದ್ದರೆ ಬಾಗಿಲು ತೆರೆದಾಗ ಒಳಗಿನ ಗಾಳಿಯೇ ಹೊರಗೆ ನುಗ್ಗಬೇಕಲ್ಲವೇ? ಧೂಳು ಒಳಗೆ ಬಂದದ್ದನ್ನು ನಾನು ನಂಬಲಿಲ್ಲ, ಮತ್ತು ಇಬ್ಬರೂ ಬದುಕಿ ಉಳಿದದ್ದು ಹೇಗೆಂದು ಯೋಚಿಸುತ್ತ ಮುಂದಿನ ಮಾತು ತಪ್ಪಿಸಿಕೊಂಡೆ. ಎರಡು, ಡಾಕ್ಟರಿಗೆ ಗೊತ್ತಿರುವುದನ್ನೇ ಡಾಕ್ಟರಿಗೆ ಹೇಳುತ್ತಿರುವುದರಿಂದ ಅವಳು ನನ್ನೊಡನೆ ಮಾತನಾಡುತ್ತಿದ್ದಾಳೆ ಎನ್ನಿಸಿತು. ಮೂರು, ಮಂಗಳದಿಂದ ಭೂಮಿಗೆ ರೇಡಿಯೋ ಸಂಕೇತ ತಲುಪಲು ಗ್ರಹಗಳ ಅಂತರಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಅದರ ಎರಡರಷ್ಟು. ನಿಮ್ಮ ಲೋಕದಲ್ಲಿ ಬೇರೆ ಬಗೆಯ ಸಂಪರ್ಕ ವ್ಯವಸ್ಥೆ ಇದ್ದರೆ ಅದರ ಸುಳಿವು ನನಗೆ ಸಿಗಲಿಲ್ಲ.’

ಈ ಮೂರನೆಯ ವಿಮರ್ಶೆ ಸಾಲುಗಳನ್ನು ತಿದ್ದಿಲ್ಲ. ಓದುವಾಗ ಏನಾಯಿತು ಎಂಬುದನ್ನು ವರದಿ ಮಾಡಿದೆ, ಅಷ್ಟೇ. ಊಟ ಆಯಿತೇ ಎಂದು ಕೇಳಿದ ತಾಯಿ ಉತ್ತರಕ್ಕಾಗಿ ಮುಕ್ಕಾಲು ಗಂಟೆ ಕಾದು ಕೂರುವುದೇ ಕಥೆಯ ತಿರುಳಾಗಬಹುದಲ್ಲ ಎಂದು ವಿಮರ್ಶಕರಿಗೆ ಹೊಳೆದಿರಲೂಬಹುದು. ಹಾಗೆ ಹೊಳೆದುದನ್ನು ಹೇಳಬಹುದೇ? ಹೇಳಬಹುದು, ಆದರೆ ಕೊನೆಯಲ್ಲಿ, ಒಂದೇ ವಾಕ್ಯದಲ್ಲಿ, ಸಾಧ್ಯತೆಯಾಗಿ ಮಾತ್ರ. ಬರೆದವರ ಮನಸ್ಸಿನಲ್ಲಿರುವ ಕಥೆ ಆ ಡಾಕ್ಟರದ್ದಾಗಿದ್ದರೆ ನಮ್ಮ ಸಲಹೆ ಅವರನ್ನು ಬೇರೊಂದು ಕಥೆಯತ್ತ ಎಳೆದೊಯ್ಯುತ್ತದೆ.

ಆರನೆಯ ಹಂತ: ಈ ಪ್ರಕಾರವೇ ಕೇಳುವ ಪ್ರಶ್ನೆಗಳು

ಪಾತ್ರ, ಸಂಭಾಷಣೆ, ಕಥೆಯ ಬಿಗಿ ಇವೆಲ್ಲ ಯಾವ ಕಥೆಗೂ ಇರುವ ಪ್ರಶ್ನೆಗಳು. ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗಳ ಬಗ್ಗೆ ಬೇರೆಯಾಗಿ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ.

ಮೊದಲನೆಯದು ಮಾಹಿತಿಯನ್ನು ಹೇಗೆ ಉಣಿಸಲಾಗಿದೆ ಎಂಬುದು. ಟೆಕ್ಸಾಸ್‌ನ ಆಸ್ಟಿನ್ ನಗರದ ಟರ್ಕಿ ಸಿಟಿ ಕಮ್ಮಟದ ಲೇಖಕರು ತಾವು ಮತ್ತೆ ಮತ್ತೆ ಕಂಡ ದೋಷಗಳಿಗೆ ಹೆಸರಿಟ್ಟು ಒಂದು ಪದಕೋಶವನ್ನೇ ಮಾಡಿದರು; ಲೂಯಿಸ್ ಶೈನರ್ ಮತ್ತು ಬ್ರೂಸ್ ಸ್ಟರ್ಲಿಂಗ್ ಅದರ ಹಿಂದಿದ್ದವರು. ಸಾವಿತ್ರಮ್ಮ ಡಾಕ್ಟರಿಗೆ ಹೇಳಿದಂಥ ಮಾತಿಗೆ ಅವರಲ್ಲಿ ‘ಆ್ಯಸ್ ಯು ನೋ, ಬಾಬ್’ (ನಿನಗೆ ಗೊತ್ತೇ ಇದೆಯಲ್ಲ, ಬಾಬ್) ಎಂಬ ಹೆಸರು ಚಾಲ್ತಿಯಲ್ಲಿದೆ. ಮೊಲಕ್ಕೆ ‘ಸ್ಮೀರ್ಪ್’ ಎಂದು ಕರೆದು ಅದನ್ನು ಪರಲೋಕದ ಪ್ರಾಣಿಯೆಂದು ಬಿಂಬಿಸುವುದು ಇನ್ನೊಂದು ದೋಷ. ನಮ್ಮ ಕರಡುಗಳಲ್ಲಿಯೂ ಇದು ಬರುತ್ತದೆ: ಪಾತ್ರಗಳು ‘ಕ್ಷಿರಾಕ’ ಎಂಬುದನ್ನು ಬಡಿದು, ಬೇಯಿಸಿ, ಎಣ್ಣೆಗಾಯಿಯ ಜೊತೆ ತಿನ್ನುತ್ತಿದ್ದರೆ ಅದು ಜೋಳದ ರೊಟ್ಟಿಯೇ, ಹೆಸರು ಬದಲಾದ ಮಾತ್ರಕ್ಕೆ ಲೋಕ ಬದಲಾಗುವುದಿಲ್ಲ. ಹೊಸ ಹೆಸರು ಕಂಡಲ್ಲೆಲ್ಲ ‘ಈ ವಸ್ತು ನಮ್ಮ ವಸ್ತುವಿಗಿಂತ ಯಾವ ರೀತಿಯಲ್ಲಿ ಬೇರೆ?’ ಎಂದು ಕೇಳಿ.

ಎರಡನೆಯದು ಮಾಯೆಯ ನಿಯಮ. ಮಂತ್ರವೋ ಯಂತ್ರವೋ, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ, ಬಳಸಿದವರು ಏನನ್ನು ತೆರಬೇಕು ಎಂಬುದು ಕಥೆಯ ಬಿಕ್ಕಟ್ಟಿಗೆ ಮೊದಲೇ ಓದುಗರಿಗೆ ತಿಳಿದಿರಬೇಕು. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಭಸ್ಮಾಸುರನ ಕಥೆಯಲ್ಲಿ, ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂಬ ವರ ಮೊದಲೇ ನಮ್ಮ ಕಿವಿಗೆ ಬಿದ್ದಿರುತ್ತದೆ. ಮೋಹಿನಿಯ ನೃತ್ಯದಲ್ಲಿ ಅವನ ಕೈ ಅವನ ತಲೆಯ ಮೇಲೆಯೇ ಹೋದಾಗ ಅದೇ ನಿಯಮ ಅವನನ್ನು ಮುಗಿಸುತ್ತದೆ. ಹೊಸ ಆಯುಧವೇನೂ ಕೊನೆಯಲ್ಲಿ ಆಕಾಶದಿಂದ ಇಳಿಯುವುದಿಲ್ಲ. ಕರಡಿನ ಕೊನೆ ನಿಮಗೆ ತೃಪ್ತಿ ಕೊಡದಿದ್ದರೆ, ಬಿಕ್ಕಟ್ಟನ್ನು ಬಿಡಿಸಿದ ಸಂಗತಿ ಮೊದಲ ಬಾರಿಗೆ ಯಾವ ಪುಟದಲ್ಲಿ ಕಾಣಿಸಿಕೊಂಡಿತು ಎಂದು ಹುಡುಕಿ ನೋಡಿ. ಹೆಚ್ಚಿನ ಸಲ ಅದು ಕೊನೆಯ ಎರಡು ಪುಟಗಳಲ್ಲಿ ಸಿಗುತ್ತದೆ.

ಮೂರನೆಯದು ಕನ್ನಡಕ್ಕೇ ವಿಶೇಷವಾದದ್ದು, ಮತ್ತು ಇಂಗ್ಲಿಷಿನ ಯಾವ ಪದಕೋಶವೂ ನಮಗೆ ಇದರಲ್ಲಿ ನೆರವಾಗುವುದಿಲ್ಲ. ಕನ್ನಡದ ಕ್ರಿಯಾಪದ ಪ್ರಥಮ ಪುರುಷದ ಏಕವಚನದಲ್ಲಿ ಲಿಂಗವನ್ನು ಹೇಳಿಯೇ ತೀರುತ್ತದೆ: ಬಂದನು, ಬಂದಳು, ಬಂದಿತು. ಹೆಣ್ಣೂ ಅಲ್ಲದ, ಗಂಡೂ ಅಲ್ಲದ, ವಸ್ತುವೂ ಅಲ್ಲದ ಅನ್ಯಲೋಕದ ಜೀವಿಯನ್ನು ಇಂಗ್ಲಿಷಿನ ಲೇಖಕರು ಹೆಸರಿನಿಂದಲೇ ಕರೆಯುತ್ತ ಇಡೀ ಪುಟ ಬರೆಯಬಲ್ಲರು; ನಮಗೆ ಮೊದಲ ವಾಕ್ಯದ ಕೊನೆಯಲ್ಲಿಯೇ ನಿರ್ಧಾರ ಮಾಡಬೇಕಾಗುತ್ತದೆ. ‘ಬಂದರು’ ಎಂಬ ಗೌರವದ ಬಹುವಚನ ಒಂದು ದಾರಿ, ಆದರೆ ಅದು ಜೊತೆಯಲ್ಲಿ ಗೌರವವನ್ನೂ ತರುತ್ತದೆ. ‘ನಾನು ಬಂದೆ’ ಎಂಬ ಉತ್ತಮ ಪುರುಷದ ನಿರೂಪಣೆಯಲ್ಲಿ ಲಿಂಗವಿಲ್ಲ. ಅದು ಇನ್ನೊಂದು ದಾರಿ. ಕರಡನ್ನು ಓದುವಾಗ ಇಂಥ ಪಾತ್ರಗಳ ಪ್ರತಿಯೊಂದು ಕ್ರಿಯಾಪದವನ್ನೂ ಗಮನಿಸಿ, ಎಲ್ಲಿ ರೂಪ ಬದಲಾಯಿತು, ಬದಲಾದದ್ದಕ್ಕೆ ಕಥೆಯಲ್ಲಿ ಕಾರಣವಿದೆಯೇ ಎಂದು ಬರೆದವರಿಗೆ ತಿಳಿಸಿ. ನೀನು, ನೀವು, ತಾವು ಎಂಬ ಸಂಬೋಧನೆಗಳದ್ದೂ ಇದೇ ಕಥೆ. ಸಾವಿರ ವರ್ಷದಾಚೆಯ ನೌಕೆಯಲ್ಲಿ ಕ್ಯಾಪ್ಟನ್‌ಗೆ ‘ನೀವು’, ಅಡುಗೆಯವನಿಗೆ ‘ನೀನು’ ಎಂದಿದ್ದರೆ ಇಂದಿನ ಮೇಲುಕೀಳು ಆ ನೌಕೆಯನ್ನೂ ಹತ್ತಿದೆ ಎಂದಾಯಿತು. ಅದು ಬರೆದವರು ಬೇಕೆಂದೇ ಮಾಡಿದ ಆಯ್ಕೆಯೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಏಳನೆಯ ಹಂತ: ವಿಮರ್ಶೆಯನ್ನು ಬರೆದು ಕಳಿಸುವುದು

ಆರಂಭದಲ್ಲಿ, ಕಥೆ ಏನನ್ನು ಕುರಿತದ್ದೆಂದು ನಿಮಗೆ ಅರ್ಥವಾಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಬರೆದವರಿಗೆ ಇದಕ್ಕಿಂತ ಉಪಯುಕ್ತವಾದ ಭಾಗ ಇನ್ನೊಂದಿಲ್ಲ. ‘ಇದು ತಂಗಿಯ ಸಾವನ್ನು ಒಪ್ಪಿಕೊಳ್ಳಲಾಗದ ಅಕ್ಕನ ಕಥೆ’ ಎಂದು ನೀವು ಬರೆದು, ಅವರು ಬರೆದದ್ದು ನೀರಿನ ಯುದ್ಧದ ಕಥೆಯಾಗಿದ್ದರೆ, ಉಳಿದ ವಿಮರ್ಶೆ ಓದುವ ಮೊದಲೇ ಅವರಿಗೆ ಬಹಳಷ್ಟು ತಿಳಿದುಹೋಗುತ್ತದೆ. ಆಮೇಲೆ ಕಥೆಯಲ್ಲಿ ಕೆಲಸ ಮಾಡಿದ ಸಂಗತಿಗಳನ್ನು ಪುಟಸಂಖ್ಯೆಯೊಡನೆ ಹೇಳಿ. ಆಮೇಲೆ ದೊಡ್ಡ ತೊಡಕುಗಳು ಎರಡೋ ಮೂರೋ. ಕೊನೆಯಲ್ಲಿ ಸಣ್ಣಪುಟ್ಟವು. ಕಾಗುಣಿತದ ತಪ್ಪುಗಳನ್ನು ಅವರು ಕೇಳದ ಹೊರತು ಪಟ್ಟಿ ಮಾಡಬೇಡಿ, ಏಕೆಂದರೆ ಆ ಪ್ಯಾರಾವೇ ಮುಂದಿನ ಕರಡಿನಲ್ಲಿ ಇಲ್ಲದೆ ಹೋಗಬಹುದು.

‘ಪಾತ್ರ ದುರ್ಬಲವಾಗಿದೆ’ ಎನ್ನುವ ಬದಲು ‘ನಾಲ್ಕನೆಯ ಪುಟದಲ್ಲಿ ಅವನು ಊರು ಬಿಟ್ಟು ಹೊರಟಾಗ ಕಾರಣ ನನಗೆ ತಿಳಿಯಲಿಲ್ಲ’ ಎಂದು ಬರೆದರೆ ಅದು ವಾದಕ್ಕೆ ಎಡೆಯಿಲ್ಲದ ಮಾತಾಗುತ್ತದೆ; ನಿಮಗೆ ತಿಳಿಯಲಿಲ್ಲ ಎಂಬುದನ್ನು ಯಾರೂ ಸುಳ್ಳೆನ್ನಲಾರರು.

ನಮ್ಮ ಗುಂಪುಗಳಲ್ಲಿ ಇನ್ನೊಂದು ಅಡಚಣೆಯನ್ನು ನಾನು ಕಂಡಿದ್ದೇನೆ. ಪ್ರಕಟಿತ ಲೇಖಕರೊಬ್ಬರು ಗುಂಪಿನಲ್ಲಿದ್ದರೆ ಉಳಿದವರು ‘ಸರ್, ನಿಮ್ಮ ಕಥೆಗೆ ನಾನೇನು ಹೇಳಲಿ’ ಎಂದು ಹಿಂಜರಿಯುತ್ತಾರೆ, ಆ ಹಿರಿಯರಿಗೆ ಗುಂಪಿನಿಂದ ಏನೂ ಸಿಗುವುದಿಲ್ಲ, ಒಂದೆರಡು ತಿಂಗಳಲ್ಲಿ ಅವರು ಬರುವುದೇ ನಿಲ್ಲುತ್ತದೆ. ಇದಕ್ಕೆ ಮಿಲ್ಫರ್ಡ್ ಪದ್ಧತಿಯ ಸರದಿಯೇ ಮದ್ದು: ಎಲ್ಲರೂ ಮಾತನಾಡಲೇಬೇಕು, ಮತ್ತು ಅತ್ಯಂತ ಕಿರಿಯ ಸದಸ್ಯರು ಮೊದಲು ಮಾತನಾಡಬೇಕು. ಹಿರಿಯರು ಮೊದಲು ಹೇಳಿಬಿಟ್ಟರೆ ಉಳಿದವರು ‘ಅವರು ಹೇಳಿದ್ದೇ ನನ್ನ ಅಭಿಪ್ರಾಯ’ ಎನ್ನುತ್ತಾರೆ.

ಎಂಟನೆಯ ಹಂತ: ಬಂದ ವಿಮರ್ಶೆಯನ್ನು ಓದುವುದು

ಬರೆದವರು ಸುಮ್ಮನಿರಬೇಕೆಂಬ ಹಳೆಯ ನಿಯಮ ಇಮೇಲ್‌ನಲ್ಲಿಯೂ ಅಷ್ಟೇ ಮುಖ್ಯ. ‘ನೀವು ಸರಿಯಾಗಿ ಓದಲಿಲ್ಲ, ಮೂರನೆಯ ಪುಟದಲ್ಲಿ ಅದನ್ನು ಹೇಳಿದ್ದೇನೆ’ ಎಂದು ಉತ್ತರ ಬರೆಯುವ ಆಸೆ ಬಂದೇ ಬರುತ್ತದೆ. ಬರೆಯಬಾರದು. ಮೂರನೆಯ ಪುಟದಲ್ಲಿ ಹೇಳಿದ್ದು ಓದುಗರನ್ನು ತಲುಪಲಿಲ್ಲ ಎಂಬುದೇ ಅಲ್ಲಿ ಸಿಕ್ಕಿರುವ ಮಾಹಿತಿ. ‘ಸಮಯ ಕೊಟ್ಟು ಓದಿದ್ದಕ್ಕೆ ಧನ್ಯವಾದಗಳು, ಎಲ್ಲವನ್ನೂ ಗಮನಿಸಿದ್ದೇನೆ’ ಎಂದು ಎರಡು ಸಾಲು ಬರೆದು, ವಿಮರ್ಶೆಗಳನ್ನು ಒಂದು ವಾರ ಎತ್ತಿಡಿ. ಮೊದಲ ದಿನ ಓದಿದಾಗ ಮನಸ್ಸಿಗೆ ಚುಚ್ಚಿದ ಮಾತು ಎಂಟನೆಯ ದಿನ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಕರಡಿನ ಒಂದು ಹೊಸ ಪ್ರತಿ ತೆಗೆದುಕೊಂಡು, ಎಲ್ಲರ ಟಿಪ್ಪಣಿಗಳನ್ನೂ ಆಯಾ ಸಾಲಿನ ಪಕ್ಕದಲ್ಲಿ ಒಟ್ಟಾಗಿ ಬರೆಯಿರಿ. ಯಾರು ಹೇಳಿದರು ಎಂಬುದು ಆಗ ಹಿಂದೆ ಸರಿದು, ಎಲ್ಲಿ ಹೇಳಿದರು ಎಂಬುದು ಮುಂದೆ ಬರುತ್ತದೆ. ಒಬ್ಬರೇ ಹೇಳಿದ ಮಾತನ್ನು ನಿಮಗೆ ಒಪ್ಪಿಗೆಯಾದರೆ ಮಾತ್ರ ತೆಗೆದುಕೊಳ್ಳಿ. ಮೂವರು ಒಂದೇ ಜಾಗದಲ್ಲಿ ನಿಂತಿದ್ದರೆ ಅವರು ಸೂಚಿಸಿದ ಪರಿಹಾರ ತಪ್ಪಾಗಿದ್ದರೂ ಜಾಗ ಸರಿಯಾಗಿಯೇ ಇರುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ಕಥೆಯಿಂದ. ಒಂಟಿಯಾಗಿರುವ ಮುದುಕಿಯನ್ನು ನೋಡಿಕೊಳ್ಳುವ ಯಂತ್ರವೊಂದರ ಕಥೆ ಅದು. ಐದು ಪುಟಗಳವರೆಗೆ ಯಂತ್ರವನ್ನು ‘ಅದು’ ಎಂದೇ ಬರೆದಿದ್ದ ನಾನು ಆರನೆಯ ಪುಟದಲ್ಲಿ, ಗಮನವಿಲ್ಲದೆ, ‘ಅವಳು ದೀಪ ಆರಿಸಿದಳು’ ಎಂದು ಬರೆದುಬಿಟ್ಟಿದ್ದೆ. ಐವರು ಓದುಗರಲ್ಲಿ ನಾಲ್ವರು ಆ ಸಾಲಿಗೆ ಟಿಪ್ಪಣಿ ಹಾಕಿದ್ದರು. ಇಬ್ಬರಿಗೆ ಅದು ಕಥೆಯ ಅತ್ಯುತ್ತಮ ಸಾಲು. ಯಂತ್ರ ಮನುಷ್ಯಳಾದ ಕ್ಷಣವೆಂದು ಅವರು ತಿಳಿದಿದ್ದರು. ಒಬ್ಬರಿಗೆ ದೀಪ ಆರಿಸಿದ್ದು ಮುದುಕಿ ಎನ್ನಿಸಿತ್ತು. ಇನ್ನೊಬ್ಬರು ಕೈತಪ್ಪು ಎಂದು ತಿದ್ದಿದ್ದರು, ಅದು ನಿಜವಾಗಿಯೂ ಕೈತಪ್ಪೇ ಆಗಿತ್ತು. ತಿದ್ದಿ ‘ಅದು’ ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನಾಲ್ವರು ನಿಂತ ಜಾಗವನ್ನು ಮತ್ತೆ ಮತ್ತೆ ಓದಿದಾಗ ನಾನು ಬರೆಯಬೇಕಾಗಿದ್ದ ಕಥೆ ಅಲ್ಲಿಯೇ ಇದೆ ಎಂದು ಕಂಡಿತು. ಹೊಸ ಕರಡಿನಲ್ಲಿ ಮುದುಕಿ ಒಂದು ರಾತ್ರಿ ಆ ಯಂತ್ರವನ್ನು ‘ಬಾರೇ ಇಲ್ಲಿ’ ಎಂದು ಕರೆಯುತ್ತಾಳೆ. ಮುಂದಿನ ವಾಕ್ಯದಿಂದ ನಿರೂಪಣೆಯೂ ‘ಅವಳು’ ಎನ್ನುತ್ತದೆ.

ಒಂಬತ್ತನೆಯ ಹಂತ: ತಿದ್ದಿದ ಕರಡು, ಮತ್ತು ಕಾದಂಬರಿ

ಒಂದು ಕಥೆಯನ್ನು ಮೊದಲ ಸಲ ಓದುವ ಅವಕಾಶ ಓದುಗರಿಗೆ ಒಮ್ಮೆ ಮಾತ್ರ ಇರುತ್ತದೆ. ಕೊನೆ ಗೊತ್ತಿರುವವರಿಗೆ ಮೊದಲ ಪುಟದ ಗೊಂದಲ ಕಾಣುವುದಿಲ್ಲ. ಆದ್ದರಿಂದ ಗುಂಪಿನ ಇಬ್ಬರನ್ನು ಮೊದಲ ಸುತ್ತಿನಲ್ಲಿ ಓದಬೇಡಿರೆಂದು ಕೇಳಿಕೊಂಡು ಎರಡನೆಯ ಸುತ್ತಿಗೆ ಉಳಿಸಿಕೊಳ್ಳಿ. ಮೂರನೆಯ ಸುತ್ತು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಲ್ಲರ ಮಾತಿಗೂ ಒಂದೊಂದು ತಿದ್ದುಪಡಿ ಮಾಡುತ್ತ ಹೋದರೆ ಕಥೆ ಯಾರದ್ದೂ ಅಲ್ಲದಂತಾಗುತ್ತದೆ.

ಕಾದಂಬರಿಯನ್ನು ವಾರಕ್ಕೊಂದು ಅಧ್ಯಾಯದಂತೆ ಕೊಡುವುದರಲ್ಲಿ ಒಂದು ದೊಡ್ಡ ತೊಂದರೆಯಿದೆ. ಮಳಿಗೆಯಿಂದ ಪುಸ್ತಕ ಕೊಂಡವರು ನಾಲ್ಕು ದಿನದಲ್ಲಿ ಓದುವುದನ್ನು ಗುಂಪಿನವರು ಎಂಟು ತಿಂಗಳು ಓದುತ್ತಾರೆ. ಎರಡನೆಯ ಅಧ್ಯಾಯದ ಉಂಗುರ ಇಪ್ಪತ್ತನೆಯದರಲ್ಲಿ ಮತ್ತೆ ಬಂದಾಗ ಅವರಿಗೆ ಮರೆತಿರುತ್ತದೆ, ಅದನ್ನು ದೋಷವೆಂದು ಬರೆಯುತ್ತಾರೆ. ಇಡೀ ಕಾದಂಬರಿಯನ್ನು ಒಟ್ಟಿಗೆ ಓದಲು ಒಪ್ಪುವ ಮೀಸಲು ಓದುಗರನ್ನು ಕೇಳಿಕೊಳ್ಳುವ ಏರ್ಪಾಡು ಕ್ರಿಟರ್ಸ್‌ನಲ್ಲಿ ಇರುವುದು ಇದಕ್ಕಾಗಿಯೇ. ಸಣ್ಣ ಗುಂಪಿನಲ್ಲಿ ಮೊದಲ ಮೂರು ಅಧ್ಯಾಯಗಳನ್ನು ಎಲ್ಲರಿಗೂ ಕೊಟ್ಟು, ಉಳಿದ ಪೂರ್ತಿ ಹಸ್ತಪ್ರತಿಯನ್ನು ಇಬ್ಬರಿಗೆ ಮಾತ್ರ ಕೊಡುವುದು ನಡೆಯುವ ದಾರಿ. ಅವರ ಕಾದಂಬರಿಯನ್ನೂ ನೀವು ಅಷ್ಟೇ ಶ್ರದ್ಧೆಯಿಂದ ಓದಿಕೊಡಬೇಕಾಗುತ್ತದೆ.

ಹತ್ತನೆಯ ಹಂತ: ಕನ್ನಡದಲ್ಲಿ ಒಂದು ಗುಂಪು ಕಟ್ಟುವುದು

ಇಂಗ್ಲಿಷಿನಲ್ಲಿ ಬರೆಯುವವರು ಬೆಂಗಳೂರಿನಲ್ಲಿದ್ದರೂ ನ್ಯೂಜೆರ್ಸಿಯಲ್ಲಿದ್ದರೂ ಮೇಲೆ ಹೇಳಿದ ಗುಂಪುಗಳಿಗೆ ನೇರವಾಗಿ ಸೇರಬಹುದು. ಕನ್ನಡದಲ್ಲಿ ಬರೆಯುವವರು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ, ಮತ್ತು ಅದು ತೋರುವಷ್ಟು ಕಷ್ಟವಲ್ಲ. ಐದು ಜನ ಸಾಕು. ಮೂವರಿಗಿಂತ ಕಡಿಮೆಯಾದರೆ ಒಬ್ಬರ ಅಭಿರುಚಿಯೇ ನಿಯಮವಾಗುತ್ತದೆ, ಎಂಟಕ್ಕಿಂತ ಹೆಚ್ಚಾದರೆ ಸರದಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಎರಡು ವಾರಕ್ಕೊಂದು ಕಥೆಯಂತೆ ಹತ್ತು ವಾರಗಳಲ್ಲಿ ಐವರಿಗೂ ಒಂದೊಂದು ಸರದಿ. ಕರಡು ಹಂಚಲು ಗೂಗಲ್ ಡಾಕ್ಸ್‌ನಂಥ ವ್ಯವಸ್ಥೆಯನ್ನು ಬಳಸುವುದಾದರೆ, ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಕಾಣದಂತೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಕೊಡಿ. ಗುಂಪಿನ ಕರಡನ್ನು ಬರೆದವರ ಒಪ್ಪಿಗೆಯಿಲ್ಲದೆ ವಾಟ್ಸಾಪಿನಲ್ಲಿ ಮುಂದೆ ಕಳಿಸುವಂತಿಲ್ಲ, ಕೃತಕ ಬುದ್ಧಿಮತ್ತೆಯ ಯಾವ ಸಹಾಯಕಕ್ಕೂ ಹಾಕುವಂತಿಲ್ಲ ಎಂಬುದನ್ನು ಮೊದಲ ದಿನವೇ ಬರೆದಿಡಿ. ಅಮೆರಿಕದಲ್ಲಿರುವವರೂ ಗುಂಪಿನಲ್ಲಿದ್ದರೆ, ಆನ್‌ಲೈನ್‌ನಲ್ಲಿ ಸೇರಿ ಮಾತನಾಡಲು ಭಾರತದ ಶನಿವಾರ ರಾತ್ರಿ 9 ಗಂಟೆಯ ವೇಳೆ ಹೊಂದುತ್ತದೆ. ಬೇಸಿಗೆಯಲ್ಲಿ ಅದು ನ್ಯೂಯಾರ್ಕಿನಲ್ಲಿ ಅದೇ ದಿನ ಬೆಳಿಗ್ಗೆ 11.30, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8.30.

ಮಾತಿನ ಸರದಿಗೆ ಗಡಿಯಾರ ಇಟ್ಟುಕೊಳ್ಳಿ: ಒಬ್ಬರಿಗೆ ಐದು ನಿಮಿಷ, ಕೊನೆಯಲ್ಲಿ ಕಥೆ ಬರೆದವರಿಗೆ ಹತ್ತು ನಿಮಿಷ, ಅದಾದ ಮೇಲೆ ಮುಕ್ತ ಮಾತುಕತೆ. ಮೊದಲ ಸರದಿಯನ್ನು ಗುಂಪು ಕಟ್ಟಿದವರೇ ತೆಗೆದುಕೊಳ್ಳಬೇಕು, ಅದೂ ಈಗಾಗಲೇ ಮೆಚ್ಚುಗೆ ಪಡೆದ ಹಳೆಯ ಕಥೆಯನ್ನಲ್ಲ, ಎಲ್ಲಿ ಎಡವಿದ್ದೇವೆಂದು ತಮಗೂ ತಿಳಿಯದಿರುವ ಹೊಸ ಕರಡನ್ನು ಕೊಡಬೇಕು. ಉಳಿದ ನಾಲ್ವರು ತಮ್ಮ ಕರಡನ್ನು ಎಷ್ಟು ಧೈರ್ಯವಾಗಿ ಕೊಡುತ್ತಾರೆ, ಎಷ್ಟು ನಿಜವಾಗಿ ಮಾತನಾಡುತ್ತಾರೆ ಎಂಬುದು ಆ ಮೊದಲ ಶನಿವಾರ ನೀವು ಹೇಗೆ ಸುಮ್ಮನೆ ಕೂತು ಟಿಪ್ಪಣಿ ಬರೆದುಕೊಂಡಿರಿ ಎಂಬುದನ್ನು ನೋಡಿಯೇ ನಿರ್ಧಾರವಾಗುತ್ತದೆ.